ಬಿಪಿ ಮಷಿನ್‌ನಾಗ ಮಿಣುಕೋ ಆ ಸಣ್ಣ ಹಾರ್ಟ್ ಏನ್ ಹೇಳ್ತದ?

ಈ ಕಂತು ಶುರುವಾಗೋದು ಇಜೇರಿಯ ನಮ್ಮ ಮನೆ ಪಡಸಾಲಿಯಿಂದ.

ಮುತ್ಯಾಗೆ 71 ವರ್ಷ. ಬಿಪಿ ಗುಳಿಗಿ ಹತ್ತು ವರ್ಷದಿಂದ ನಡೆದಿದೆ. ನಾನೇ ಆನ್‌ಲೈನ್‌ನಲ್ಲಿ ಒಂದು ಬಿಪಿ ಮಷಿನ್ ತರಿಸಿಕೊಟ್ಟಿದ್ದೆ. ಅವ್ವ ವಾರಕ್ಕೊಮ್ಮೆ ಅಳೆದು ವಾಟ್ಸಪ್‌ನಲ್ಲಿ ಫೋಟೊ ಕಳಿಸೋಳು. ನಾನು ಕಲಬುರಗಿ ರೂಮಿನಲ್ಲಿ ಕೂತು ಮೇಲಿನ ಎರಡು ಅಂಕಿ ನೋಡಿ ಒಂದು ಹೆಬ್ಬೆರಳು ಒತ್ತಿ ಬಿಡ್ತಿದ್ದೆ. ಒಮ್ಮೆ ಅವ್ವ ಫೋನಿನಲ್ಲಿ ಕೇಳಿದಳು: "ಮೂಲ್ಯಾಗ ಒಂದು ಹಾರ್ಟ್ ಮಿಣುಕ್ಲಾಕತ್ತದಲ್ಲೊ, ಏನದು?" "ಸೆಲ್ ಹೋಗಿರಬೇಕು, ಬದಲಿಸವ್ವಾ" ಅಂದೆ. ಬದಲಿಸಿದಳು. ಹಾರ್ಟ್ ಹೋಗಲಿಲ್ಲ. ನಾವೇ ಅದನ್ನ ನೋಡೋದು ಬಿಟ್ಟೆವು.

ಆಮೇಲೊಂದು ಮುಂಜಾನೆ, ರೊಟ್ಟಿ ಮುರಿಯುವಾಗ ಮುತ್ಯಾನ ಬಲಗೈ ಸೋತು ಹೋಯಿತು, ಮಾತು ತೊದಲಿತು. ಕಾಲು ಗಂಟೆಯಲ್ಲಿ ಎಲ್ಲ ಸರಿ ಆಯ್ತು. "ಗಾಳಿ ಬಡಿದದ, ಏನಾಗಂಗಿಲ್ಲ" ಅಂದರು ಓಣಿಯವರು. ಕಾಕಾ ಕೇಳಲಿಲ್ಲ, ಕಲಬುರಗಿಗೆ ಕರ್ಕೊಂಡು ಬಂದ. ಡಾಕ್ಟರ್ ಇಸಿಜಿ ಪಟ್ಟಿ ನೋಡಿ ಹೇಳಿದರು: ಇದು ಏಟ್ರಿಯಲ್ ಫಿಬ್ರಿಲೇಷನ್, ಸಣ್ಣ ಲಕ್ವಾ ಬಂದು ಹೋಗಿದೆ. ಅವತ್ತು ರಾತ್ರಿ ಹಳೇ ಫೋಟೊ ತೆಗೆದು ಎಣಿಸಿದೆ. ಏಳು ತಿಂಗಳಲ್ಲಿ 19 ಫೋಟೊಗಳಲ್ಲಿ ಆ ಹಾರ್ಟ್ ಇತ್ತು.

ಏಟ್ರಿಯಲ್ ಫಿಬ್ರಿಲೇಷನ್, ಅಂದ್ರೆ ಏಫಿಬ್. ಹೃದಯದ ಮೇಲಿನ ಎರಡು ಕೋಣೆ ತಾಳಕ್ಕೆ ಸರಿಯಾಗಿ ಕುಗ್ಗಬೇಕು. ಏಫಿಬ್ ಇದ್ದಾಗ ಅವು ಸರಿಯಾಗಿ ಕುಗ್ಗಲ್ಲ, ಸುಮ್ನೆ ನಡುಗ್ತವೆ. ರಕ್ತ ಪೂರ್ತಿ ಮುಂದಕ್ಕೆ ಹೋಗದೆ ಎಡಗಡೆ ಕೋಣೆಯ ಜೇಬಿನಂಥ ಒಂದು ಮೂಲೆಯಲ್ಲಿ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿನ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಲಕ್ವಾ. ಏಫಿಬ್ ಇದ್ದವರಿಗೆ ಈ ಅಪಾಯ ಸುಮಾರು ಐದು ಪಟ್ಟು ಹೆಚ್ಚು. ಬಹಳ ಮಂದಿಗೆ ಎದಿನೋವು, ಢವಢವ ಏನೂ ಇರಲ್ಲ. ಮುತ್ಯಾ ಹಿಂದಿನ ದಿನ ತೊಗರಿ ಹೊಲಕ್ಕೆ ನಡಕೊಂಡೇ ಹೋಗಿ ಬಂದಿದ್ದ.

ಸರಿ, ಬಿಪಿ ಮಷಿನ್‌ಗೆ ಇದು ಹೆಂಗ ಗೊತ್ತಾಗ್ತದ? ತೋಳಿಗೆ ಸುತ್ತಿದ ಪಟ್ಟಿಯ ಗಾಳಿ ಇಳಿಯುವಾಗ ಪ್ರತಿ ನಾಡಿ ಬಡಿತಕ್ಕೂ ಒಳಗಿನ ಗಾಳಿ ಚೂರು ಅಲುಗುತ್ತದೆ. ಆ ಅಲುಗಾಟವನ್ನ ಅಳೆದೇ ಮಷಿನ್ ಬಿಪಿ ಲೆಕ್ಕ ಹಾಕೋದು. ಬಡಿತ ಸಿಕ್ಕ ಮೇಲೆ, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರವೂ ಪುಕ್ಕಟೆ ಸಿಕ್ಕ ಹಾಗೇ. ಓಮ್ರಾನ್‌ನಂಥ ಮಷಿನ್‌ಗಳು ಆ ಅಂತರ ಸರಾಸರಿಗಿಂತ ಶೇ. 25ಕ್ಕೂ ಹೆಚ್ಚು ಏರುಪೇರಾದರೆ ಚಿಹ್ನೆ ತೋರಿಸ್ತವೆ. ಆದರೆ ಅದು ಹೇಳೋದು "ತಾಳ ತಪ್ಪಿದೆ" ಅಂತ ಅಷ್ಟೇ, "ಏಫಿಬ್" ಅಂತ ಅಲ್ಲ. ನಡುವೆ ಒಂದೆರಡು ಹೆಚ್ಚುವರಿ ಬಡಿತ ಬಂದರೂ, ಅಳೆಯುವಾಗ ಕೈ ಅಲುಗಾಡಿಸಿದರೂ ಆ ಚಿಹ್ನೆ ಬರಬಹುದು.

ಏಫಿಬ್‌ಗಂತಲೇ ಮಾಡಿದ ಮಷಿನ್‌ಗಳೂ ಇವೆ. ಮೈಕ್ರೋಲೈಫ್ ಕಂಪನಿಯ ವಾಚ್‌ಬಿಪಿ ಹೋಮ್ ಎ ಅನ್ನೋದನ್ನ, ದವಾಖಾನೆಯಲ್ಲಿ ಬಿಪಿ ನೋಡುವಾಗಲೇ ಏಫಿಬ್ ಸುಳಿವು ಹಿಡಿಯೋದಕ್ಕೆ ಬಳಸಬಹುದು ಅಂತ ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಜನವರಿಯಲ್ಲೇ ಶಿಫಾರಸು ಮಾಡಿದೆ. ಅದು ಸಾಲಾಗಿ ಮೂರು ಸಲ ಅಳೆದು, ಬಡಿತಗಳ ಏರುಪೇರಿನ ಲೆಕ್ಕ ನೋಡಿ ತೀರ್ಮಾನಿಸುತ್ತದೆ. ಅಲ್ಲೂ ಖಾತ್ರಿ ಮಾಡೋದು ಇಸಿಜಿಯೇ.

ಈಗ ನನ್ನ ಬಿಕಾಂ ಲೆಕ್ಕ ಸ್ವಲ್ಪ ಕೇಳ್ರಿ. ಗುಜರಾತಿನ ಆನಂದ್ ಜಿಲ್ಲೆಯ (ಅಮುಲ್ ಊರು ಅಂದ್ರೆ ಗೊತ್ತಾಗ್ತದ) 50 ಹಳ್ಳಿಗಳಲ್ಲಿ 50 ದಾಟಿದವರನ್ನ ಮೊಬೈಲ್ ಇಸಿಜಿಯಿಂದ ಪರೀಕ್ಷಿಸಿದಾಗ ಶೇ. 1.6 ಮಂದಿಗೆ ಏಫಿಬ್ ಸಿಕ್ಕಿತು. ಅದೇ ಪ್ರಮಾಣದಲ್ಲಿ 1000 ಜನರನ್ನ ತಗೊಳ್ರಿ: 16 ಜನರಿಗೆ ಏಫಿಬ್. ನೂರರಲ್ಲಿ 90 ಕೇಸ್ ಹಿಡಿಯುವ, ನೂರು ಸರಿ ಇದ್ದವರಲ್ಲಿ 10 ಜನರಿಗೆ ಸುಳ್ಳು ಗಂಟೆ ಬಾರಿಸುವ ಮಷಿನ್ ಒಂದಿದೆ ಅಂತ ಇಟ್ಟುಕೊಳ್ಳೋಣ. 16ರಲ್ಲಿ 14 ಜನ ಸಿಕ್ಕರು. ಉಳಿದ 984ರಲ್ಲಿ 98 ಜನರಿಗೆ ಸುಮ್ಸುಮ್ನೆ ಹಾರ್ಟ್ ಮಿಣುಕಿತು. ಅಂದ್ರೆ ಚಿಹ್ನೆ ಬಂದ ಎಂಟು ಜನರಲ್ಲಿ ಒಬ್ಬರಿಗೆ ಮಾತ್ರ ನಿಜವಾದ ರೋಗ. ಈ 90, 10 ನಾನು ಲೆಕ್ಕಕ್ಕೆ ಹಿಡಿದ ಅಂಕಿ, ಯಾವ ಕಂಪನಿದೂ ಅಲ್ಲ. ಚಿಹ್ನೆ ಕಂಡ ಕೂಡಲೇ ಅಳೋದೂ ತಪ್ಪು, ನನ್ನಂಗ ಸೆಲ್ ಬದಲಿಸೋದೂ ತಪ್ಪು ಅನ್ನೋದು ಇದರಿಂದ ಗೊತ್ತಾಗ್ತದ. ಎಂಟರಲ್ಲಿ ಒಂದು ಸಣ್ಣ ಮಾತಲ್ರಿ. ಅಂಥ ಲಾಟರಿ ಇದ್ರೆ ನಾನೇ ತಗೋತಿದ್ದೆ.

ಹಂಗಾಗಿ ಚಿಹ್ನೆ ಬಂದರೆ ಮೊದಲು ಸರಿಯಾಗಿ ಮತ್ತೆ ಅಳೀರಿ. ಚಾ, ತಂಬಾಕು ಆಗಿ ಅರ್ಧ ಗಂಟೆ ಬಿಟ್ಟು, ಐದು ನಿಮಿಷ ಸುಮ್ನೆ ಕುಂತು, ಬೆನ್ನಿಗೆ ಆಸರೆ ಕೊಟ್ಟು, ತೋಳು ಎದೆಯ ಮಟ್ಟಕ್ಕಿಟ್ಟು, ಮಾತಾಡದೆ. ಒಂದೊಂದು ನಿಮಿಷ ಬಿಟ್ಟು ಮೂರು ಸಲ. ಏಫಿಬ್ ಇದ್ದರೆ ಬಿಪಿ ಅಂಕಿಯೂ ಸಲ ಸಲಕ್ಕೆ ಬೇರೆ ಬರುತ್ತದೆ, ಅದಕ್ಕೂ ಮೂರರ ಸರಾಸರಿ ಒಳ್ಳೇದು. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಹಿಡೀರಿ. ತಾಳವೇ ಇಲ್ಲದ ಹಾಗೆ, ಒಮ್ಮೆ ಹತ್ತಿರ ಒಮ್ಮೆ ದೂರ ಬಡಿದರೆ, ಅಥವಾ ಮೂರರಲ್ಲಿ ಎರಡು ಸಲ ಚಿಹ್ನೆ ಬಂದರೆ, ಇಸಿಜಿಗೆ ಹೋಗಲೇಬೇಕು.

ಇಪ್ಪತ್ತರ ಹುಡುಗರು ತಮ್ಮ ತೋಳಿಗೇ ಪಟ್ಟಿ ಸುತ್ಕೊಂಡು ಗಾಬರಿ ಆಗಬ್ಯಾಡ್ರಿ. ಉಸಿರು ಒಳಗೆ ಎಳೆದಾಗ ನಾಡಿ ಜೋರಾಗೋದು, ಬಿಟ್ಟಾಗ ನಿಧಾನ ಆಗೋದು ನಿಮ್ಮ ವಯಸ್ಸಿಗೆ ಸಹಜ. ಆದರೆ ಸಣ್ಣವರಿದ್ದಾಗ ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕೆಟ್ಟವರ ಮಾತು ಬೇರೆ. ಅಂಥವರಿಗೆ 30-40ರಲ್ಲೇ ಏಫಿಬ್ ಬರಬಹುದು. 65 ದಾಟಿದವರನ್ನ ನೋಡಿದರೆ ಸಾಕು ಅನ್ನೋ ಪಾಶ್ಚಾತ್ಯ ದೇಶಗಳ ಲೆಕ್ಕ ನಮ್ಮ ಹಳ್ಳಿಗಳಿಗೆ ಪೂರ್ತಿ ಹೊಂದಲ್ಲ, ಇದು ನನ್ನ ಅಭಿಪ್ರಾಯ.

ಎಲ್ಲಿಗೆ ಹೋಗೋದು? ಮೊದಲು ತಾಲೂಕು ಆಸ್ಪತ್ರೆ. 2023ರ ನವೆಂಬರ್‌ನಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುವ ವ್ಯವಸ್ಥೆ ಇದೆ. ಅದು ಮುಖ್ಯವಾಗಿ ಹಾರ್ಟ್ ಅಟ್ಯಾಕ್‌ಗೆ ಅಂತ ಮಾಡಿದ್ದು. ಕಲಬುರಗಿಯಲ್ಲೇ ಜಯದೇವದ 371 ಹಾಸಿಗೆಯ ಹೊಸ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆ ಆಗಿದೆ. ಇಸಿಜಿ ಒಮ್ಮೆ ನಾರ್ಮಲ್ ಬಂದ್ರೂ ಮಷಿನ್‌ನ ಫೋಟೊಗಳನ್ನ ಡಾಕ್ಟರಿಗೆ ತೋರಿಸ್ರಿ. ಏಫಿಬ್ ಬಂದು ಹೋಗೋ ಗಿರಾಕಿ, ಆಗ 24 ಗಂಟೆ ಮೈಗೆ ಕಟ್ಟೋ ಹೋಲ್ಟರ್ ಪರೀಕ್ಷೆ ಬೇಕಾಗಬಹುದು. ರಕ್ತ ತೆಳು ಮಾಡೋ ಗುಳಿಗಿ ಯಾರಿಗೆ, ಯಾವುದು ಅಂತ ಡಾಕ್ಟರೇ ಹೇಳಬೇಕು. ಮೆಡಿಕಲ್ ಶಾಪ್‌ನಾಗ ಆಸ್ಪಿರಿನ್ ಕೇಳಿ ನುಂಗಿದರೆ ಅದು ಇದಕ್ಕೆ ಸಾಲಲ್ಲ, ರಕ್ತಸ್ರಾವದ ಅಪಾಯವೂ ಇದೆ. ಮತ್ತೆ ಬಾಯಿ ಸೊಟ್ಟ ಆದರೆ, ಕೈ ಸೋತರೆ, ಮಾತು ತೊದಲಿದರೆ, ಎರಡು ನಿಮಿಷದಲ್ಲಿ ಸರಿ ಆದ್ರೂ 108ಕ್ಕೆ ಫೋನ್ ಮಾಡ್ರಿ. ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಇರೋದು ನಾಲ್ಕೂವರೆ ಗಂಟೆ. ಜೇವರ್ಗಿಯಿಂದ ಕಲಬುರಗಿ ದಾರಿ, ಸ್ಕ್ಯಾನಿಂಗ್, ಎಲ್ಲ ಅದರಾಗೇ ಮುಗೀಬೇಕು.

ಮುತ್ಯಾ ಈಗ ದಿನಾ ಎರಡು ಹೊತ್ತು ಗುಳಿಗಿ ತಗೋತಾನ. ಆ ಹಾರ್ಟ್ ಇನ್ನೂ ಮಿಣುಕ್ತದ, ಅದು ಮಿಣುಕೋದೇ, ಯಾಕಂದ್ರೆ ಗುಳಿಗಿ ಹೆಪ್ಪು ತಡೀತದ, ತಾಳ ಸರಿ ಮಾಡಲ್ಲ. ಅವ್ವ ಫೋಟೊ ಕಳಿಸೋದು ನಿಲ್ಲಿಸಿಲ್ಲ. ನಾನು ಹೆಬ್ಬೆರಳು ಒತ್ತೋದು ಬಿಟ್ಟು ಫೋನ್ ಮಾಡ್ತೀನಿ. ಹೋದ ವಾರ ಮುತ್ಯಾನೇ ಫೋನ್ ಕಸ್ಕೊಂಡು ಬೈದ: "ಒಂದು ಸಲ ಅಳೆದ್ರ ಸಾಲಂಗಿಲ್ಲೇನೊ? ಮೂರು ಮೂರು ಸಲ ಯಾಕ ತೋಳ ಹಿಂಡಸ್ತಿ?"