ಯು-ಬೂಟ್ ಮೂಲಕ ನೆಟ್‌ವರ್ಕ್ ಬೂಟಿಂಗ್

ಯು-ಬೂಟ್ ಎಂಬುದು ಎಂಬೆಡೆಡ್ ಬೋರ್ಡ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಮುಕ್ತ ಆಕರ ಬೂಟ್‌ಲೋಡರ್. ವಿದ್ಯುತ್ ದೊರೆತ ಬಳಿಕ ಯಂತ್ರಾಂಶವನ್ನು ಸಿದ್ಧಗೊಳಿಸಿ, ಲಿನಕ್ಸ್ ಕರ್ನಲ್ ಅನ್ನು ಮೆಮೊರಿಗೆ ತಂದು, ನಿಯಂತ್ರಣವನ್ನು ಅದಕ್ಕೆ ಒಪ್ಪಿಸುವುದು ಇದರ ಮುಖ್ಯ ಕೆಲಸ. ಕರ್ನಲ್ ಕಡತವು ಬೋರ್ಡಿನ ಫ್ಲ್ಯಾಶ್ ಮೆಮೊರಿಯಲ್ಲಿ ಅಥವಾ ಎಸ್‌ಡಿ ಕಾರ್ಡಿನಲ್ಲಿ ಇರಬಹುದು. ಈಥರ್ನೆಟ್ ಮೂಲಕ ಬೇರೊಂದು ಗಣಕದಿಂದಲೂ ಬರಬಹುದು. ಈ ಎರಡನೆಯ ವಿಧಾನವೇ ನೆಟ್‌ವರ್ಕ್ ಬೂಟಿಂಗ್. ಕರ್ನಲ್ ಅನ್ನು ಮೇಲಿಂದ ಮೇಲೆ ಬದಲಿಸಿ ಪರೀಕ್ಷಿಸುವ ಹಂತದಲ್ಲಿ, ಪ್ರತಿ ಸಲವೂ ಫ್ಲ್ಯಾಶ್‌ಗೆ ಬರೆಯುವ ಶ್ರಮವನ್ನು ಇದು ತಪ್ಪಿಸುತ್ತದೆ. ಯು-ಬೂಟ್‌ನ ನೆಟ್‌ವರ್ಕ್ ಸಂರಚನೆ ಮತ್ತು ಲಿನಕ್ಸ್‌ನ ನೆಟ್‌ವರ್ಕ್ ಸಂರಚನೆ ಪರಸ್ಪರ ಬೇರೆ ಬೇರೆ ಎಂಬುದು ಈ ವಿಧಾನದ ಪ್ರಧಾನ ಲಕ್ಷಣ. ಮೊದಲನೆಯದು ಸರಿಯಾಗಿದ್ದ ಮಾತ್ರಕ್ಕೆ ಎರಡನೆಯದು ತಾನಾಗಿ ಸರಿಯಾಗುವುದಿಲ್ಲ.

ಈ ಲೇಖನದಲ್ಲಿ ಆದೇಶಗಳ ಮತ್ತು ವೇರಿಯಬಲ್‌ಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಬೋರ್ಡಿನಲ್ಲಿ ಇವನ್ನು ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು.

ಇತಿಹಾಸ

ಪವರ್‌ಪಿಸಿ 8xx ಸರಣಿಯ ಪ್ರೊಸೆಸರ್‌ಗಳಿಗಾಗಿ ಮ್ಯಾಗ್ನಸ್ ಡ್ಯಾಮ್ ಬರೆದ ಬೂಟ್‌ಲೋಡರ್ ಯು-ಬೂಟ್‌ಗೆ ಮೂಲ. ಜರ್ಮನಿಯ ಡೆಂಕ್ಸ್ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆಯ ವೋಲ್ಫ್‌ಗ್ಯಾಂಗ್ ಡೆಂಕ್ ಅದನ್ನು ಪಿಪಿಸಿಬೂಟ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಇತರ ಬಗೆಯ ಪ್ರೊಸೆಸರ್‌ಗಳಿಗೂ ಬೆಂಬಲ ಸೇರಿದಂತೆ ಆ ಹೆಸರು ಹೊಂದದಾಯಿತು. 2002ರಲ್ಲಿ ಯೋಜನೆಗೆ ಯು-ಬೂಟ್ ಎಂದು ಮರುನಾಮಕರಣವಾಯಿತು. ಜರ್ಮನ್ ಭಾಷೆಯಲ್ಲಿ ಯು-ಬೂಟ್ ಎಂದರೆ ಜಲಾಂತರ್ಗಾಮಿ ನೌಕೆ. 2008ರ ಅಕ್ಟೋಬರ್‌ನಿಂದ ಆವೃತ್ತಿಗಳನ್ನು ವರ್ಷ ಮತ್ತು ತಿಂಗಳಿನಿಂದ ಗುರುತಿಸಲಾಗುತ್ತಿದೆ. 2012ರಿಂದ ಟಾಮ್ ರಿನಿ ಮುಖ್ಯ ನಿರ್ವಾಹಕರಾಗಿದ್ದಾರೆ. ತಂತ್ರಾಂಶವು ಗ್ನೂ ಸಾರ್ವಜನಿಕ ಪರವಾನಗಿಯಡಿ ದೊರೆಯುತ್ತದೆ.

ಬೂಟ್ ಕ್ರಮ

ಪ್ರೊಸೆಸರ್‌ನ ಒಳಗಿರುವ ರಾಮ್ ಕಾರ್ಯಕ್ರಮ ಮೊದಲು ಚಾಲನೆಗೊಳ್ಳುತ್ತದೆ. ಆ ಹಂತದಲ್ಲಿ ಮುಖ್ಯ ಮೆಮೊರಿ ಇನ್ನೂ ಸಿದ್ಧವಾಗಿರುವುದಿಲ್ಲವಾದ್ದರಿಂದ, ಅನೇಕ ಬೋರ್ಡ್‌ಗಳಲ್ಲಿ ಎಸ್‌ಪಿಎಲ್ ಎಂಬ ಚಿಕ್ಕ ಭಾಗವು ಮೊದಲು ಬಂದು ಮೆಮೊರಿಯನ್ನು ಸಿದ್ಧಗೊಳಿಸುತ್ತದೆ. ಅನಂತರ ಪೂರ್ಣ ಯು-ಬೂಟ್ ಚಾಲನೆಗೆ ಬರುತ್ತದೆ. ಸೀರಿಯಲ್ ತಂತಿಯ ಮೂಲಕ ಸಂಪರ್ಕಿಸಿದ ಗಣಕದಲ್ಲಿ ಅದರ ಸಂದೇಶಗಳನ್ನು ಓದಬಹುದು. 115200 ಬಾಡ್ ವೇಗ ಸಾಮಾನ್ಯ. ಕೆಲವು ಸೆಕೆಂಡುಗಳ ಎಣಿಕೆ ನಡೆಯುವಾಗ ಯಾವುದಾದರೂ ಕೀಲಿಯನ್ನು ಒತ್ತಿದರೆ ಸ್ವಯಂ ಬೂಟ್ ನಿಂತು, ಆದೇಶಗಳನ್ನು ಬರೆಯಲು ಅವಕಾಶ ದೊರೆಯುತ್ತದೆ.

ಪರಿಸರ ವೇರಿಯಬಲ್‌ಗಳು

ಯು-ಬೂಟ್ ತನ್ನ ಸಂರಚನೆಯನ್ನು ಪರಿಸರ ವೇರಿಯಬಲ್‌ಗಳಲ್ಲಿ ಇಟ್ಟುಕೊಳ್ಳುತ್ತದೆ. ನೆಟ್‌ವರ್ಕ್‌ಗೆ ಸಂಬಂಧಿಸಿದ ಮುಖ್ಯವಾದವು ಇವು:

• ಐಪಿಅಡ್ರ್: ಬೋರ್ಡಿನ ಐಪಿ ವಿಳಾಸ
• ಸರ್ವರ್‌ಐಪಿ: ಕಡತಗಳನ್ನು ಒದಗಿಸುವ ಗಣಕದ ವಿಳಾಸ
• ನೆಟ್‌ಮಾಸ್ಕ್: ಉಪಜಾಲದ ವ್ಯಾಪ್ತಿ
• ಗೇಟ್‌ವೇಐಪಿ: ಸರ್ವರ್ ಬೇರೊಂದು ಉಪಜಾಲದಲ್ಲಿದ್ದರೆ ಬೇಕಾಗುವ ವಿಳಾಸ
• ಈಥ್‌ಅಡ್ರ್: ಈಥರ್ನೆಟ್ ಸಾಧನದ ಮ್ಯಾಕ್ ವಿಳಾಸ

ಸರ್ವರ್ ಗಣಕದ ವಿಳಾಸ 192.168.1.10 ಎಂದೂ ಬೋರ್ಡಿಗೆ 192.168.1.50 ಕೊಡಬೇಕೆಂದೂ ಇಟ್ಟುಕೊಂಡರೆ ಆದೇಶಗಳು ಹೀಗಿರುತ್ತವೆ:

ಸೆಟ್‌ಎನ್ವ್ ಐಪಿಅಡ್ರ್ 192.168.1.50
ಸೆಟ್‌ಎನ್ವ್ ಸರ್ವರ್‌ಐಪಿ 192.168.1.10
ಸೆಟ್‌ಎನ್ವ್ ನೆಟ್‌ಮಾಸ್ಕ್ 255.255.255.0
ಪಿಂಗ್ 192.168.1.10

ಸರ್ವರ್ ಸ್ಪಂದಿಸಿದರೆ ತಂತಿ, ಚಾಲಕ ಮತ್ತು ವಿಳಾಸಗಳು ಸರಿಯಿವೆ ಎಂದು ತಿಳಿಯಬಹುದು. ಹೀಗೆ ಕೊಟ್ಟ ಮೌಲ್ಯಗಳು ಮೆಮೊರಿಯಲ್ಲಿ ಮಾತ್ರ ಇರುತ್ತವೆ. ಸೇವ್‌ಎನ್ವ್ ಆದೇಶ ಕೊಡದಿದ್ದರೆ ವಿದ್ಯುತ್ ಹೋದೊಡನೆ ಅವು ಅಳಿಸಿಹೋಗುತ್ತವೆ. ಪ್ರಿಂಟ್‌ಎನ್ವ್ ಆದೇಶದಿಂದ ಎಲ್ಲ ಮೌಲ್ಯಗಳನ್ನೂ ನೋಡಬಹುದು.

ಯು-ಬೂಟ್‌ನಲ್ಲಿ ಈಥರ್ನೆಟ್ ಸದಾ ಜಾಗೃತವಾಗಿರುವುದಿಲ್ಲ. ನೆಟ್‌ವರ್ಕ್ ಆದೇಶವೊಂದು ನಡೆಯುತ್ತಿರುವಾಗ ಮಾತ್ರ ಅದು ಕೆಲಸ ಮಾಡುತ್ತದೆ. ಆದ್ದರಿಂದ ಗಣಕದ ಕಡೆಯಿಂದ ಬೋರ್ಡಿಗೆ ಪಿಂಗ್ ಕಳುಹಿಸಿದಾಗ ಉತ್ತರ ಬಾರದಿರುವುದು ದೋಷದ ಲಕ್ಷಣವಲ್ಲ. ಪರೀಕ್ಷೆಯನ್ನು ಬೋರ್ಡಿನ ಕಡೆಯಿಂದಲೇ ಮಾಡಬೇಕು.

ಮ್ಯಾಕ್ ವಿಳಾಸ

ಅನೇಕ ಬೋರ್ಡ್‌ಗಳಲ್ಲಿ ಮ್ಯಾಕ್ ವಿಳಾಸವನ್ನು ತಯಾರಕರೇ ಚಿಪ್‌ನಲ್ಲಿ ಬರೆದಿರುತ್ತಾರೆ. ಇಲ್ಲದಿದ್ದಲ್ಲಿ ಈಥ್‌ಅಡ್ರ್ ಮೂಲಕ ಕೊಡಬೇಕಾಗುತ್ತದೆ. ಪ್ರಯೋಗಾಲಯದ ಬಳಕೆಗೆ 02ರಿಂದ ಆರಂಭವಾಗುವ ವಿಳಾಸವನ್ನು ಆರಿಸಿಕೊಳ್ಳಬಹುದು. ಇದು ಸ್ಥಳೀಯವಾಗಿ ನಿಗದಿಪಡಿಸಿದ ವಿಳಾಸ ಎಂಬುದರ ಸೂಚನೆ. ಒಂದೇ ಜಾಲದಲ್ಲಿ ಎರಡು ಬೋರ್ಡ್‌ಗಳಿಗೆ ಒಂದೇ ಮ್ಯಾಕ್ ವಿಳಾಸವಿದ್ದರೆ ಎರಡರ ಸಂಪರ್ಕವೂ ಆಗಾಗ ಕಡಿದುಹೋಗುತ್ತದೆ. ಒಂದು ಬೋರ್ಡಿನ ಪರಿಸರವನ್ನು ಹಾಗೆಯೇ ಇನ್ನೊಂದಕ್ಕೆ ನಕಲು ಮಾಡಿದಾಗ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ಒಮ್ಮೆ ಕೊಟ್ಟ ಈಥ್‌ಅಡ್ರ್ ಅನ್ನು ಬದಲಿಸಲು ಯು-ಬೂಟ್ ಸಾಮಾನ್ಯವಾಗಿ ಬಿಡುವುದಿಲ್ಲ.

ಡಿಎಚ್‌ಸಿಪಿ ಬಳಕೆ

ವಿಳಾಸವನ್ನು ಕೈಯಾರೆ ಕೊಡುವ ಬದಲು ಡಿಎಚ್‌ಸಿಪಿ ಆದೇಶದಿಂದ ಪಡೆಯಬಹುದು. ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ವಿಳಾಸ ದೊರೆತೊಡನೆ ಈ ಆದೇಶವು ಬೂಟ್ ಕಡತವನ್ನೂ ತರಲು ಯತ್ನಿಸುತ್ತದೆ. ಅದು ಬೇಡವಾದರೆ ಮೊದಲೇ ಆಟೋಲೋಡ್ ವೇರಿಯಬಲ್‌ಗೆ 'ನೋ' ಎಂಬ ಮೌಲ್ಯ ಕೊಡಬೇಕು. ಎರಡನೆಯದಾಗಿ, ಡಿಎಚ್‌ಸಿಪಿ ಉತ್ತರದಲ್ಲಿ ಬಂದ ಸರ್ವರ್ ವಿಳಾಸವು ಬಳಕೆದಾರರು ಕೊಟ್ಟಿದ್ದ ಸರ್ವರ್‌ಐಪಿಯ ಮೌಲ್ಯವನ್ನು ಅಳಿಸಿಹಾಕಬಹುದು. ಆಗ ಕಡತದ ಕೋರಿಕೆಯು ಗಣಕಕ್ಕೆ ಹೋಗದೆ ರೂಟರ್‌ಗೆ ಹೋಗಿ ವಿಫಲವಾಗುತ್ತದೆ. ಡಿಎಚ್‌ಸಿಪಿ ಮುಗಿದ ಮೇಲೆ ಸರ್ವರ್‌ಐಪಿಯನ್ನು ಮತ್ತೊಮ್ಮೆ ಕೊಡುವುದು ಇದಕ್ಕೆ ಸರಳ ಪರಿಹಾರ.

ಕಡತಗಳ ವರ್ಗಾವಣೆ

ಕಡತ ತರಲು ಹೆಚ್ಚಾಗಿ ಟಿಎಫ್‌ಟಿಪಿ ನಿಯಮಾವಳಿಯನ್ನು ಬಳಸುತ್ತಾರೆ. ಇದು ಯುಡಿಪಿಯ 69ನೆಯ ಪೋರ್ಟ್‌ನಲ್ಲಿ ಕೋರಿಕೆಯನ್ನು ಸ್ವೀಕರಿಸುತ್ತದೆ. ಮೂಲ ರೂಪದಲ್ಲಿ ಕಡತವನ್ನು 512 ಬೈಟ್‌ಗಳ ತುಂಡುಗಳಾಗಿ ಕಳುಹಿಸಿ, ಪ್ರತಿ ತುಂಡಿಗೂ ಸ್ವೀಕೃತಿ ಬಂದ ಬಳಿಕವೇ ಮುಂದಿನದನ್ನು ಕಳುಹಿಸಲಾಗುತ್ತದೆ. ಸರಳವಾದ್ದರಿಂದ ಚಿಕ್ಕ ಬೂಟ್‌ಲೋಡರ್‌ನಲ್ಲೂ ಇದಕ್ಕೆ ಜಾಗ ಸಾಕಾಗುತ್ತದೆ. 64 ಬಿಟ್ ಆರ್ಮ್ ಬೋರ್ಡೊಂದಕ್ಕೆ ಎರಡು ಕಡತಗಳು ಬೇಕು: ಕರ್ನಲ್ ಮತ್ತು ಬೋರ್ಡಿನ ಯಂತ್ರಾಂಶವನ್ನು ವಿವರಿಸುವ ಡಿವೈಸ್ ಟ್ರೀ.

ಟಿಎಫ್‌ಟಿಪಿಬೂಟ್ ಆದೇಶಕ್ಕೆ ಮೆಮೊರಿ ವಿಳಾಸ ಮತ್ತು ಕಡತದ ಹೆಸರನ್ನು ಕೊಡಬೇಕು. ಕರ್ನಲ್‌ಗೂ ಡಿವೈಸ್ ಟ್ರೀಗೂ ತಕ್ಕ ವಿಳಾಸಗಳನ್ನು ಬಹುಪಾಲು ಬೋರ್ಡ್‌ಗಳ ಪರಿಸರದಲ್ಲಿ ಮೊದಲೇ ಇಟ್ಟಿರುತ್ತಾರೆ. ಅವನ್ನೇ ಬಳಸುವುದು ಕ್ಷೇಮ. ಸ್ವಂತ ವಿಳಾಸಗಳನ್ನು ಆರಿಸಿದಾಗ ಎರಡರ ನಡುವೆ ಸಾಕಷ್ಟು ಅಂತರವಿಲ್ಲದಿದ್ದರೆ, ಕರ್ನಲ್ ವಿಸ್ತರಿಸಿಕೊಂಡು ಡಿವೈಸ್ ಟ್ರೀಯ ಮೇಲೆ ಬರೆದುಬಿಡಬಹುದು. ಆಗ ಯಾವ ದೋಷ ಸಂದೇಶವೂ ಇಲ್ಲದೆ ಬೋರ್ಡ್ ಮೌನವಾಗಿ ನಿಂತುಬಿಡುವ ಸಾಧ್ಯತೆ ಇದೆ.

ಕರ್ನಲ್ ಚಾಲನೆ

ಕರ್ನಲ್ ಕಡತದ ಸ್ವರೂಪಕ್ಕೆ ತಕ್ಕಂತೆ ಆದೇಶ ಬದಲಾಗುತ್ತದೆ. 64 ಬಿಟ್ ಆರ್ಮ್‌ನ ಕರ್ನಲ್‌ಗೆ ಬೂಟ್‌ಐ, 32 ಬಿಟ್ ಆರ್ಮ್‌ನ ಸಂಕುಚಿತ ಕರ್ನಲ್‌ಗೆ ಬೂಟ್‌ಝಡ್, ಯು-ಬೂಟ್‌ನದೇ ಸ್ವರೂಪದಲ್ಲಿ ಕಟ್ಟಿದ ಕಡತಕ್ಕೆ ಬೂಟ್‌ಎಂ ಆದೇಶಗಳಿವೆ. ಇವುಗಳಿಗೆ ಕರ್ನಲ್, ಆರಂಭಿಕ ರಾಮ್‌ಡಿಸ್ಕ್ ಮತ್ತು ಡಿವೈಸ್ ಟ್ರೀಗಳ ವಿಳಾಸಗಳನ್ನು ಇದೇ ಅನುಕ್ರಮದಲ್ಲಿ ಕೊಡಬೇಕು. ರಾಮ್‌ಡಿಸ್ಕ್ ಇಲ್ಲದಿದ್ದರೆ ಅದರ ಸ್ಥಾನದಲ್ಲಿ ಒಂದು ಕಿರುಗೆರೆಯನ್ನು ಹಾಕಬೇಕು.

ಲಿನಕ್ಸ್‌ಗೆ ನೆಟ್‌ವರ್ಕ್ ವಿವರ ತಲುಪಿಸುವುದು

ನಿಯಂತ್ರಣ ಕರ್ನಲ್‌ಗೆ ದಾಟಿದ ಕ್ಷಣದಿಂದ ಯು-ಬೂಟ್‌ನ ಪಾತ್ರ ಮುಗಿಯುತ್ತದೆ. ಈಥರ್ನೆಟ್ ಸಾಧನವನ್ನು ಕರ್ನಲ್ ತನ್ನದೇ ಚಾಲಕದಿಂದ ಹೊಸದಾಗಿ ಸಿದ್ಧಗೊಳಿಸುತ್ತದೆ. ಮ್ಯಾಕ್ ವಿಳಾಸವನ್ನು ಯು-ಬೂಟ್ ಡಿವೈಸ್ ಟ್ರೀಯಲ್ಲಿ ಸೇರಿಸಿ ಕಳುಹಿಸಬಲ್ಲದು. ಆದರೆ ಐಪಿಅಡ್ರ್‌ನ ಮೌಲ್ಯ ತಾನಾಗಿ ದಾಟುವುದಿಲ್ಲ. ಮೂಲ ಕಡತ ವ್ಯವಸ್ಥೆಯೂ ಎನ್‌ಎಫ್‌ಎಸ್ ಮೂಲಕ ಸರ್ವರ್‌ನಿಂದಲೇ ಬರಬೇಕಾದರೆ, ಬೂಟ್‌ಆರ್ಗ್ಸ್ ವೇರಿಯಬಲ್‌ನಲ್ಲಿ ಈ ವಿವರಗಳನ್ನು ಬರೆಯಬೇಕು:

ರೂಟ್=/ಡೆವ್/ಎನ್‌ಎಫ್‌ಎಸ್
ಎನ್‌ಎಫ್‌ಎಸ್‌ರೂಟ್=192.168.1.10:/ಎಸ್‌ಆರ್‌ವಿ/ಬೋರ್ಡ್
ಐಪಿ=192.168.1.50:192.168.1.10::255.255.255.0::ಈಥ್0:ಆಫ್

ಮೂರನೆಯ ಸಾಲಿನಲ್ಲಿ ಬೋರ್ಡಿನ ವಿಳಾಸ, ಸರ್ವರ್, ಗೇಟ್‌ವೇ, ನೆಟ್‌ಮಾಸ್ಕ್, ಆತಿಥೇಯ ಹೆಸರು, ಸಾಧನದ ಹೆಸರು ಮತ್ತು ಸ್ವಯಂ ಸಂರಚನೆಯ ವಿಧಾನಗಳು ಕ್ರಮವಾಗಿ ಬರುತ್ತವೆ. ಬೇಡವಾದ ಸ್ಥಾನವನ್ನು ಖಾಲಿ ಬಿಡಬಹುದು. ಕರ್ನಲ್ ಕಟ್ಟುವಾಗ ಈಥರ್ನೆಟ್ ಚಾಲಕ, ಐಪಿ ಸ್ವಯಂ ಸಂರಚನೆ ಮತ್ತು ಎನ್‌ಎಫ್‌ಎಸ್ ರೂಟ್ ಬೆಂಬಲಗಳನ್ನು ಅದರೊಳಗೇ ಸೇರಿಸಿರಬೇಕು. ಚಾಲಕವು ಪ್ರತ್ಯೇಕ ಮಾಡ್ಯೂಲ್ ಆಗಿದ್ದು ರಾಮ್‌ಡಿಸ್ಕ್ ಕೂಡ ಇಲ್ಲದಿದ್ದರೆ, ಅದು ಇರುವ ಕಡತ ವ್ಯವಸ್ಥೆಯನ್ನು ತಲುಪಲು ಅದೇ ಬೇಕಾಗುತ್ತದೆ. ಹೀಗಾಗಿ ಬೂಟ್ ಮುಂದುವರಿಯುವುದಿಲ್ಲ. ಲಿನಕ್ಸ್ ಆರಂಭವಾದ ಮೇಲೆ ಯಾವುದಾದರೂ ಸೇವೆಯು ಈಥರ್ನೆಟ್ ಸಾಧನವನ್ನು ನಿಲ್ಲಿಸಿ ಪುನಃ ಸಂರಚಿಸಿದರೂ ಮೂಲ ಕಡತ ವ್ಯವಸ್ಥೆ ಕೈತಪ್ಪಿ ಬೋರ್ಡ್ ಸ್ತಬ್ಧವಾಗಬಹುದು.

ದೋಷ ಪತ್ತೆ

ಬೂಟ್ ಎಲ್ಲಿ ನಿಂತಿತು ಎಂಬುದರಿಂದ ದೋಷದ ನೆಲೆಯನ್ನು ಗುರುತಿಸಬಹುದು. ಪಿಂಗ್ ವಿಫಲವಾದರೆ ತಂತಿ, ಮ್ಯಾಕ್ ವಿಳಾಸ ಹಾಗೂ ಐಪಿ ವಿಳಾಸಗಳನ್ನು ಪರಿಶೀಲಿಸಬೇಕು. ಪಿಂಗ್ ಯಶಸ್ವಿಯಾಗಿ ಕಡತ ಬಾರದಿದ್ದರೆ ಗಣಕದ ಫೈರ್‌ವಾಲ್, ಟಿಎಫ್‌ಟಿಪಿ ಸೇವೆ ಹಾಗೂ ಕಡತದ ಹೆಸರಿನತ್ತ ಗಮನ ಕೊಡಬೇಕು. ಕರ್ನಲ್ ಸಂದೇಶಗಳು ಆರಂಭವಾಗಿ ಮೂಲ ಕಡತ ವ್ಯವಸ್ಥೆ ದೊರೆಯದೆ ನಿಂತರೆ, ತಪ್ಪು ಸಾಮಾನ್ಯವಾಗಿ ಬೂಟ್‌ಆರ್ಗ್ಸ್‌ನಲ್ಲಿ, ಕರ್ನಲ್ ಸಂರಚನೆಯಲ್ಲಿ ಅಥವಾ ಸರ್ವರ್‌ನ ಎನ್‌ಎಫ್‌ಎಸ್ ಅನುಮತಿಗಳಲ್ಲಿ ಇರುತ್ತದೆ. ಈ ಹಂತದಲ್ಲಿ ಐಪಿಅಡ್ರ್ ಬದಲಿಸುವುದರಿಂದ ಪ್ರಯೋಜನವಿಲ್ಲ.

ಸ್ವಯಂಚಾಲನೆ ಮತ್ತು ಭದ್ರತೆ

ಎಲ್ಲ ಹಂತಗಳೂ ಕೈಯಾರೆ ಸರಿಯಾಗಿ ನಡೆದ ಬಳಿಕ ಆದೇಶಗಳನ್ನು ಅರ್ಧವಿರಾಮ ಚಿಹ್ನೆಯಿಂದ ಬೇರ್ಪಡಿಸಿ ಬೂಟ್‌ಸಿಎಂಡಿ ವೇರಿಯಬಲ್‌ನಲ್ಲಿ ಉಳಿಸಬಹುದು. ಇಡೀ ಸಾಲನ್ನು ಒಂಟಿ ಉದ್ಧರಣ ಚಿಹ್ನೆಗಳೊಳಗೆ ಬರೆಯಬೇಕು. ಇಲ್ಲವಾದರೆ ಮೊದಲ ಆದೇಶ ಮಾತ್ರ ಉಳಿದು, ಮಿಕ್ಕವು ಆಗಲೇ ಚಾಲನೆಗೊಳ್ಳುತ್ತವೆ.

ಟಿಎಫ್‌ಟಿಪಿಯಲ್ಲಿ ಗುರುತಿನ ದೃಢೀಕರಣವೂ ಗೂಢಲಿಪೀಕರಣವೂ ಇಲ್ಲ. ಅದೇ ಜಾಲದಲ್ಲಿರುವ ಇನ್ನೊಂದು ಗಣಕವು ಸರ್ವರ್‌ನಂತೆ ನಟಿಸಿ ಬೇರೆ ಕರ್ನಲ್ ಅನ್ನು ಕಳುಹಿಸಲು ಸಾಧ್ಯ. ಆದ್ದರಿಂದ ಈ ವಿಧಾನ ಪ್ರತ್ಯೇಕ ಪ್ರಯೋಗಾಲಯ ಜಾಲಕ್ಕೆ ಸೂಕ್ತ. ಬಳಕೆದಾರರ ಕೈ ಸೇರುವ ಸಾಧನಗಳಲ್ಲಿ ಡಿಜಿಟಲ್ ಸಹಿಯಿರುವ ಕರ್ನಲ್ ಅನ್ನು ಮಾತ್ರ ಸ್ವೀಕರಿಸುವಂತೆ ಯು-ಬೂಟ್ ಅನ್ನು ಸಂರಚಿಸಬಹುದು. ಬೂಟ್‌ಡಿಲೇ ವೇರಿಯಬಲ್‌ಗೆ -2 ಎಂಬ ಮೌಲ್ಯ ಕೊಟ್ಟು, ಕೀಲಿ ಒತ್ತಿ ಸ್ವಯಂ ಬೂಟ್ ಅನ್ನು ತಡೆಯುವ ಅವಕಾಶವನ್ನೂ ಮುಚ್ಚಬಹುದು. ಆದರೆ ಬೂಟ್‌ಸಿಎಂಡಿಯಲ್ಲಿ ತಪ್ಪಿರುವಾಗ ಈ ಮೌಲ್ಯವನ್ನು ಉಳಿಸಿದರೆ ಬೋರ್ಡನ್ನು ಸರಿಪಡಿಸುವ ಸುಲಭ ದಾರಿಯೂ ಮುಚ್ಚಿಹೋಗುತ್ತದೆ.