ಒಂದು ಬಿಟ್‌ನ ಅಂತರ

2002ರಲ್ಲಿ, ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದಲ್ಲಿ ಒಂದು ಭದ್ರತಾ ದೋಷ ಸಿಕ್ಕಿತು. ‘ಹೆಚ್ಚು ಅಥವಾ ಸಮ’ ಎಂಬ ಗುರುತು ಇರಬೇಕಾದ ಕಡೆ ಬರೀ ‘ಹೆಚ್ಚು’ ಎಂಬ ಗುರುತಿತ್ತು, ಅಷ್ಟೇ. ಕಂಪೈಲ್ ಆದ ಮೇಲೆ ಈ ಎರಡಕ್ಕೂ ಉಳಿಯುವ ವ್ಯತ್ಯಾಸ ಒಂದೇ ಒಂದು ಬಿಟ್. 2014ರ ಡಿಸೆಂಬರಿನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಡೆದ ಹ್ಯಾಕರ್ ಸಮಾವೇಶದಲ್ಲಿ ಮೈಕ್ ಪೆರಿ ಮತ್ತು ಸೇಥ್ ಶೋನ್ ಇದನ್ನು ಎತ್ತಿ ತೋರಿಸಿದರು. ಕಳ್ಳಬಾಗಿಲಿಗೆ ಒಂದು ಬಿಟ್ ಸಾಕು. ಆದರೆ ಅದೇ ಸೋರ್ಸ್ ಕೋಡಿನಿಂದ ಎರಡು ಸಲ ಬಿಲ್ಡ್ ಮಾಡಿದರೆ ಎಷ್ಟೋ ಬೈಟುಗಳು ತಾವಾಗಿಯೇ ಬದಲಾಗುತ್ತಿದ್ದ ಕಾಲದಲ್ಲಿ, ಆ ಒಂದನ್ನು ಹುಡುಕುವುದಾದರೂ ಹೇಗೆ?

ಈ ಬದಲಾವಣೆಗಳನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಪ್ರೋಗ್ರಾಂ ಓಡುತ್ತದಲ್ಲ, ಇನ್ನೇನು ಬೇಕು? ಎಲ್ಲ ಕಡೆ ಒಂದೇ ಬೈನರಿ ಬರುವಂತೆ ಮಾಡಬಾರದೇಕೆ ಎಂಬ ಮಾತು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಬಳಗದಲ್ಲಿ 2007ರಲ್ಲೇ ಬಂದಿತ್ತು, ಬಂದಷ್ಟೇ ಬೇಗ ಮರೆಯಾಗಿತ್ತು.

ಅದನ್ನು ಮಾಡಿ ತೋರಿಸುವ ಒತ್ತಡ ಬಂದದ್ದು ದುಡ್ಡಿನ ಕಡೆಯಿಂದ. ಬಿಟ್‌ಕಾಯಿನ್ ತಂತ್ರಾಂಶವನ್ನು ಬಿಲ್ಡ್ ಮಾಡುವ ಒಬ್ಬನ ಕಂಪ್ಯೂಟರ್ ಕಳ್ಳರ ಕೈಗೆ ಸಿಕ್ಕರೆ ಎಲ್ಲರ ಹಣಕ್ಕೂ ಕುತ್ತು. ಹೀಗಾಗಿ 2011ರ ಹೊತ್ತಿಗೆ ಗಿಟಿಯನ್ ಎಂಬ ಸಲಕರಣೆ ಬಂತು. ಬಿಲ್ಡ್ ಮಾಡುವವರೆಲ್ಲ ತಮ್ಮ ತಮ್ಮ ಮನೆಯಲ್ಲಿ ಒಂದೇ ಬಗೆಯ ವರ್ಚುವಲ್ ಮಷೀನ್ ಎಬ್ಬಿಸಬೇಕಿತ್ತು. ಅದೇ ಕಂಪೈಲರ್, ಅದೇ ಯೂಸರ್ ಹೆಸರು, ಹಿಡಿದು ನಿಲ್ಲಿಸಿದ ಗಡಿಯಾರ. ವಿಂಡೋಸ್ ಪ್ರತಿಯನ್ನೂ ಲಿನಕ್ಸ್ ಒಳಗಿನಿಂದಲೇ ಕಂಪೈಲ್ ಮಾಡಬೇಕಿತ್ತು. ಕೊನೆಗೆ ಫೈಲಿನ ಬೆರಳಚ್ಚಿನಂತಿರುವ ಹ್ಯಾಷ್ ಹೋಲಿಸಿ ನೋಡಬೇಕಿತ್ತು. ಸಹಿಯದೇ ಒಂದು ತೊಡಕು ಇತ್ತು. ವಿಂಡೋಸ್ ಮತ್ತು ಮ್ಯಾಕ್ ಕೇಳುವ ಡಿಜಿಟಲ್ ಸಹಿಯ ಗುಪ್ತ ಕೀಲಿ ಎಲ್ಲರ ಬಳಿ ಇರುವುದಿಲ್ಲ. ಅದಕ್ಕೆಂದೇ ಮೊದಲು ಸಹಿಯಿಲ್ಲದ ಪ್ರತಿಗಳನ್ನು ತಾಳೆ ನೋಡಿ, ಆಮೇಲೆ ಸಹಿಯನ್ನು ಪ್ರತ್ಯೇಕವಾಗಿ ತಂದು ಜೋಡಿಸುವ ಪದ್ಧತಿ ಬಂತು.

2013ರಲ್ಲಿ ಪೆರಿ ಇದೇ ಗಿಟಿಯನ್ ಅನ್ನು, ಬಳಸುವವರ ಗುರುತು ಮರೆಸುವ ಟಾರ್ ಬ್ರೌಸರಿಗೆ ತಂದರು. ಅಮೆರಿಕದ ಬೇಹುಗಾರಿಕೆಯ ಬಗ್ಗೆ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ ಕಡತಗಳು ಸುದ್ದಿಯಾಗಿದ್ದ ವರ್ಷ ಅದು. ಟಾರ್ ಬ್ರೌಸರಿನ ತಳಹದಿಯಾದ ಫೈರ್‌ಫಾಕ್ಸ್‌ನ ದೈತ್ಯ ಕೋಡು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಪ್ರತಿ ಸಲ ಬೈಟಿಗೆ ಬೈಟು ಒಂದೇ ಆಗಿ ಬರಬೇಕಿತ್ತು. ಮೊಂಡು ಹಿಡಿದದ್ದು ಸಣ್ಣಪುಟ್ಟವೇ: ಫೈಲಿಗೆ ಅಂಟಿದ ತಾರೀಖು, ಯಂತ್ರದ ಹೆಸರು, ಭಾಷೆಗೆ ತಕ್ಕಂತೆ ಬದಲಾಗುವ ಅಕಾರಾದಿ, ಡಿಸ್ಕ್ ತನಗೆ ತೋಚಿದಂತೆ ಕೊಡುವ ಫೈಲುಗಳ ಸಾಲು.

ಅದೇ ವರ್ಷ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ವೊಮಾರ್ಕುಸ್‌ನಲ್ಲಿ ಡೆಬಿಯನ್ ಸಮ್ಮೇಳನ ಸೇರಿತ್ತು. ಲೂನಾರ್ ಎಂದೇ ಹೆಸರಾಗಿದ್ದ ಜೆರೆಮಿ ಬೊಬಿಯೊ ಹಳೆಯ ಮಾತನ್ನು ಅಲ್ಲಿ ಮತ್ತೆ ಎತ್ತಿದರು. ಸೆಪ್ಟೆಂಬರಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಮತ್ತೆ ಬಿಲ್ಡ್ ಮಾಡಿ ನೋಡಿದರು. ಬೈಟಿಗೆ ಬೈಟು ಸರಿಹೋದದ್ದು ಶೇ. 24. ಸಾಧ್ಯವೇ ಇಲ್ಲ ಎಂದುಕೊಂಡಿದ್ದ ಕೆಲಸದಲ್ಲಿ ಕಾಲು ಪಾಲು ಆಗಲೇ ಮುಗಿದಿತ್ತು!

ಗಿಟಿಯನ್ ಪರಿಸರವನ್ನು ಕಟ್ಟಿಹಾಕಿತ್ತು. ಡೆಬಿಯನ್ ಬಳಗ ತಿರುವುಮುರುವು ದಾರಿ ಹಿಡಿಯಿತು. ಹೋಲ್ಗರ್ ಲೆವ್ಸೆನ್ ನಿಲ್ಲಿಸಿದ ಪರೀಕ್ಷಾ ಸರ್ವರು ಪ್ರತಿ ಪ್ಯಾಕೇಜನ್ನೂ ಎರಡು ಸಲ ಬಿಲ್ಡ್ ಮಾಡುತ್ತದೆ. ಎರಡನೆಯ ಸಲ ಬೇಕೆಂದೇ ಎಲ್ಲವನ್ನೂ ಕೆಡಿಸುತ್ತದೆ. ಗಡಿಯಾರ ಒಂದು ವರ್ಷಕ್ಕೂ ಹೆಚ್ಚು ಮುಂದಕ್ಕೆ ಹೋಗುತ್ತದೆ, ಟೈಮ್‌ಜೋನ್ ಬದಲಾಗುತ್ತದೆ, ಡಿಸಾರ್ಡರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಫೈಲುಗಳ ಸಾಲನ್ನು ಕಲಸಿ ಕೊಡುತ್ತದೆ. 32 ಬಿಟ್ ಪ್ಯಾಕೇಜಿಗೆ ಒಮ್ಮೆ 32 ಬಿಟ್ ಕರ್ನಲ್, ಇನ್ನೊಮ್ಮೆ 64 ಬಿಟ್. ‘ನಾನು ಯಾವ ಯಂತ್ರದ ಮೇಲಿದ್ದೇನೆ’ ಎಂದು ಕದ್ದು ನೋಡುವ ಪ್ಯಾಕೇಜು ಅಲ್ಲೇ ಸಿಕ್ಕಿಬೀಳುತ್ತದೆ. ಎಆರ್‌ಎಂ ಪ್ರೊಸೆಸರಿನ ಪರೀಕ್ಷೆಗೆ ಅಂಗೈಯಗಲದ ಬೋರ್ಡುಗಳ ಹಿಂಡೇ ದುಡಿಯಿತು. ಎರಡು ಪ್ರತಿ ಹೊಂದದಿದ್ದರೆ ಡಿಫೋಸ್ಕೋಪ್ ಎಂಬ ಸಲಕರಣೆ ಪ್ಯಾಕೇಜನ್ನು ಪದರ ಪದರವಾಗಿ ಬಿಚ್ಚಿ, ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ತಾರೀಖು. 2015ರಲ್ಲಿ ಅದಕ್ಕೊಂದು ಸರಳ ಒಪ್ಪಂದವಾಯಿತು. ಬಿಲ್ಡ್ ಮಾಡಿದ ಹೊತ್ತನ್ನು ಬಿಟ್ಟು, ಸೋರ್ಸ್ ಕೊನೆಯ ಸಲ ಬದಲಾದ ಹೊತ್ತನ್ನೇ ಬಳಸುವುದು. ‘ಸೋರ್ಸ್ ಡೇಟ್ ಇಪಾಕ್’ ಎಂಬ ಆ ಒಂದು ವೇರಿಯಬಲ್ಲನ್ನು ಜಿಸಿಸಿ ಕಂಪೈಲರ್ ಸಹ ಒಪ್ಪಿಕೊಂಡಿತು.

ಇಷ್ಟಾದರೂ ಕಂಪೈಲರೇ ಕೆಟ್ಟಿದ್ದರೆ? ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ 1984ರಲ್ಲೇ ಎಚ್ಚರಿಸಿದ್ದ ಅಪಾಯ ಅದು. ಬಿಟ್‌ಕಾಯಿನ್ ಕೋರ್ 2021ರಲ್ಲಿ ಗಿಟಿಯನ್ ಬಿಟ್ಟು, ಕಂಪೈಲರನ್ನೂ ಬುಡದಿಂದ ಕಟ್ಟಲು ಹೊರಟಿದ್ದ ಗಿಕ್ಸ್ ಎಂಬ ಸಲಕರಣೆ ಹಿಡಿಯಿತು. 2023ರಲ್ಲಿ ಗಿಕ್ಸ್ ಬಳಗ ಕೇವಲ 357 ಬೈಟಿನ ಬೀಜದಿಂದ ಹೊರಟು ಇಡೀ ಕಂಪೈಲರ್ ಸಾಲನ್ನು ಕಟ್ಟಿ ತೋರಿಸಿತು. ಅಷ್ಟನ್ನು ಒಬ್ಬ ಮನುಷ್ಯ ಕೂತು ಓದಬಹುದು.

ಸೋರ್ಸಿನಲ್ಲೇ ವಿಷವಿದ್ದರೆ ಎಲ್ಲರ ಬೈನರಿಯಲ್ಲೂ ಅದೇ ವಿಷ ಬರುತ್ತದೆ. ಹ್ಯಾಷ್ ಹೊಂದಿತೆಂದು ತಂತ್ರಾಂಶ ಒಳ್ಳೆಯದಾಗುವುದಿಲ್ಲ. ಆದರೆ ಬಿಲ್ಡ್ ಮಾಡುವವನನ್ನು ಕಣ್ಣುಮುಚ್ಚಿ ನಂಬುವ ಕಾಲ ಮುಗಿಯಿತು. ಅವನಿಗೂ ಅದರಿಂದ ಲಾಭವಿದೆ. ಕೈ ಕೆಡಿಸಿದರೆ ಸಿಕ್ಕಿಬೀಳುವುದು ಖಚಿತವಾದ ಮೇಲೆ, ಅವನನ್ನು ಹೆದರಿಸಿಯೋ ದುಡ್ಡು ಕೊಟ್ಟೋ ಯಾರಿಗೂ ಏನೂ ಗಿಟ್ಟುವುದಿಲ್ಲ.