ಮಸಿಗೊಂಬಿನ ಪದಗಳು: ಇಂಗ್ಲಿಷ್ ಶಬ್ದಚರಿತ್ರೆಯ ಒಂದು ವಿನೋದಪರ್ವ

ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಬರೆಯುವವರು ಮಸಿಯನ್ನು ಪ್ರಾಣಿಯ ಕೊಂಬಿನಲ್ಲಿ ತುಂಬಿಟ್ಟುಕೊಳ್ಳುತ್ತಿದ್ದರು. ಈ ಮಸಿಗೊಂಬಿಗೆ 'ಇಂಕ್‌ಹಾರ್ನ್' ಎಂದು ಹೆಸರು. ಲ್ಯಾಟಿನ್, ಗ್ರೀಕ್ ಭಾಷೆಗಳಿಂದ ಎತ್ತಿ ತಂದ, ಪಾಂಡಿತ್ಯ ಪ್ರದರ್ಶನದ ಉದ್ದುದ್ದ ಶಬ್ದಗಳನ್ನು ಅಂದಿನವರು 'ಮಸಿಗೊಂಬಿನ ಪದಗಳು' ಎಂದು ಹೀಯಾಳಿಸಿದರು. ಇವು ನಾಲಗೆಯ ಮೇಲೆ ಹುಟ್ಟಿದವಲ್ಲ, ಮಸಿಯಲ್ಲಿ ಹುಟ್ಟಿದವು ಎಂಬುದು ಅದರ ಇಂಗಿತ.

ಪದಗಳ ಈ ಆಮದು ಕೇವಲ ಜಂಭದಿಂದ ಆದುದಲ್ಲ. ಧರ್ಮ, ವೈದ್ಯ, ತರ್ಕ ಮುಂತಾದ ಶಾಸ್ತ್ರಗಳು ಲ್ಯಾಟಿನ್ನಿನಿಂದ ದೇಶಭಾಷೆಗೆ ಇಳಿದು ಬರುತ್ತಿದ್ದ ಕಾಲವದು. ಇಂಗ್ಲಿಷಿಗೆ ಪದಗಳ ಬಡತನವಿದ್ದುದು ನಿಜ. ಆದರೆ ಅಗತ್ಯ ಎಲ್ಲಿ ಮುಗಿದು ಆಡಂಬರ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ನಿರ್ಣಯಿಸುವವರು ಯಾರು?

ಥಾಮಸ್ ವಿಲ್ಸನ್ ಎಂಬ ವಿದ್ವಾಂಸ ಆ ಕೆಲಸಕ್ಕೆ ಕೈಹಾಕಿದನು. 1553ರಲ್ಲಿ ಪ್ರಕಟವಾದ ತನ್ನ ಅಲಂಕಾರಶಾಸ್ತ್ರ ಗ್ರಂಥದಲ್ಲಿ ಅವನು ಒಂದು ಅಣಕು ಪತ್ರವನ್ನು ಸೇರಿಸಿದ್ದಾನೆ. ಲಿಂಕನ್‌ಷೈರಿನವನೊಬ್ಬ ತೆರವಾದ ಚರ್ಚಿನ ಹುದ್ದೆಯೊಂದಕ್ಕಾಗಿ ದೊಡ್ಡ ಮನುಷ್ಯನೊಬ್ಬನನ್ನು ಬೇಡಿಕೊಳ್ಳುವ ಪತ್ರವದು. ಅದರಲ್ಲಿ 'ಬಹು ದೊಡ್ಡ' ಎನ್ನಲು 'ಇಂಜೆಂಟ್', 'ಬೇಡುತ್ತೇನೆ' ಎನ್ನಲು 'ಆಬ್‌ಟೆಸ್ಟೇಟ್', 'ದಣಿಸು' ಎನ್ನಲು 'ಫ್ಯಾಟಿಗೇಟ್'! ಓದುಗರು ನಕ್ಕಿರಬೇಕು. ಆದರೆ ಇಂದಿನ ಓದುಗನಿಗೆ ನಗು ಬರುವುದು ಬೇರೆಯದೇ ಕಾರಣಕ್ಕೆ. ಅದೇ ಪತ್ರದಲ್ಲಿ ಹಾಸ್ಯಾಸ್ಪದವೆಂದು ಪೋಣಿಸಿದ 'ಸೆಲೆಬ್ರೇಟ್', 'ಕೆಪ್ಯಾಸಿಟಿ', 'ಮಂಡೇನ್', 'ಡೆಕ್ಸ್‌ಟೆರಿಟಿ' ಮೊದಲಾದ ಪದಗಳು ಇಂದು ಇಂಗ್ಲಿಷಿನ ಸಾಮಾನ್ಯ ಆಸ್ತಿ. ಅಣಕಿಸಿದವನ ಆಯ್ಕೆ ಅರ್ಧಕ್ಕರ್ಧ ಹುಸಿಯಾಯಿತು.

ನಾಟಕಕಾರ ಬೆನ್ ಜಾನ್ಸನ್‌ನ ಗತಿಯೂ ಅದೇ. 1601ರ 'ಪೊಯೆಟಾಸ್ಟರ್' ನಾಟಕದಲ್ಲಿ ಅವನು ತನ್ನ ಎದುರಾಳಿ ಕವಿ ಜಾನ್ ಮಾರ್ಸ್ಟನ್‌ನನ್ನು ಕ್ರಿಸ್ಪೈನಸ್ ಎಂಬ ಪಾತ್ರವಾಗಿ ತಂದು, ರಂಗದ ಮೇಲೆಯೇ ಗುಳಿಗೆ ನುಂಗಿಸುತ್ತಾನೆ. ಆ ಕವಿ ಬೋಗುಣಿಯೊಳಕ್ಕೆ ಪದಗಳನ್ನು ಒಂದೊಂದಾಗಿ ವಾಂತಿ ಮಾಡಿಕೊಳ್ಳುತ್ತಾನೆ. ಭಾಷಾವಿವಾದವೊಂದು ಇಷ್ಟು ಅಸಹ್ಯವಾಗಿಯೂ ಇಷ್ಟು ರಂಜಕವಾಗಿಯೂ ರಂಗಕ್ಕೆ ಬಂದ ಉದಾಹರಣೆಗಳು ವಿರಳ. ಕಕ್ಕಿದ ಪದಗಳಲ್ಲಿ 'ಆಬ್‌ಸ್ಟ್ಯುಪಿಫ್ಯಾಕ್ಟ್', 'ಆಬ್ಲಾಟ್ರಂಟ್' ಮುಂತಾದವು ಸತ್ತುಹೋದವು. 'ಕ್ಲಮ್ಸಿ', 'ಸ್ಟ್ರೆನ್ಯುಅಸ್', 'ಕಾನ್ಷಸ್' ಬೋಗುಣಿಯಿಂದೆದ್ದು ನಡೆದು ಬಂದವು.

ನಿಘಂಟುಕಾರರು ಕಷ್ಟಪದಗಳ ಕಡೆಯೇ ನಿಂತರು. 1604ರಲ್ಲಿ ರಾಬರ್ಟ್ ಕಾಡ್ರಿ ಹೊರತಂದ ಮೊದಲ ಇಂಗ್ಲಿಷ್ ನಿಘಂಟು ಸುಮಾರು 2,500 ಕಷ್ಟಪದಗಳನ್ನು ವಿವರಿಸಿತು. 1623ರಲ್ಲಿ ಹೆನ್ರಿ ಕಾಕರಮ್ ಇನ್ನೂ ಮುಂದೆ ಹೋಗಿ, ಆಡುಮಾತಿಗೆ ಘನವಾದ ಪರ್ಯಾಯಗಳನ್ನು ಒದಗಿಸುವ ಪ್ರತ್ಯೇಕ ಭಾಗವನ್ನೇ ತನ್ನ ನಿಘಂಟಿನಲ್ಲಿ ಸೇರಿಸಿದನು. ಉಟ್ಟ ಬಟ್ಟೆಯಲ್ಲೇ ಮಲವಿಸರ್ಜನೆ ಮಾಡಿಕೊಳ್ಳುವುದಕ್ಕೂ ಅವನಲ್ಲಿ 'ಬಲ್ಬಿಟೇಟ್' ಎಂಬ ಗಂಭೀರ ಕ್ರಿಯಾಪದವಿದೆ!

ಎದುರು ಪಕ್ಷದ ವಿನೋದವೂ ಕಡಿಮೆಯದಲ್ಲ. ಗ್ರೀಕ್ ಪ್ರಾಧ್ಯಾಪಕನಾಗಿದ್ದ ಜಾನ್ ಚೀಕ್, ಮತ್ತಾಯನ ಸುವಾರ್ತೆಯನ್ನು ಅನುವಾದಿಸುವಾಗ ರೋಮಿನ ಶತಾಧಿಪತಿಯನ್ನು 'ಹಂಡ್ರೆಡರ್' ಎಂದನು, ಎಂದರೆ 'ನೂರಾಳಿನವ'. 1573ರಲ್ಲಿ ರಾಲ್ಫ್ ಲೀವರ್ ತರ್ಕಶಾಸ್ತ್ರಕ್ಕೆ 'ವಿಟ್‌ಕ್ರಾಫ್ಟ್' ಎಂದೂ ನಿಗಮನಕ್ಕೆ 'ಎಂಡ್‌ಸೇ' ಎಂದೂ ಅಚ್ಚ ಇಂಗ್ಲಿಷಿನ ಹೆಸರುಗಳನ್ನು ಟಂಕಿಸಿದನು. ಬೇರುಗಳು ಮನೆಯವೇ, ಅರ್ಥವೂ ಸ್ಪಷ್ಟ. ಆದರೂ ಯಾರೂ ಬಳಸಲಿಲ್ಲ. ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಆಂಡಯ್ಯನ ನೆನಪು ಬಾರದಿರದು. ತುಪ್ಪಕ್ಕೂ ಎಣ್ಣೆಗೂ ಬೆರಕೆ ಸಲ್ಲದೆಂದ ನಯಸೇನನೂ ತನ್ನ ಕಾವ್ಯದಲ್ಲಿ ಸಂಸ್ಕೃತವನ್ನು ಬಿಟ್ಟವನಲ್ಲ.

ಅಚ್ಚ ಇಂಗ್ಲಿಷಿನ ಪಕ್ಷ ಒಮ್ಮೆ ಮಾತ್ರ ದೊಡ್ಡದಾಗಿ ಗೆದ್ದಿತು. 1846ರಲ್ಲಿ ವಿಲಿಯಂ ಥಾಮ್ಸ್ 'ಅಥೀನಿಯಂ' ಪತ್ರಿಕೆಗೆ ಪತ್ರ ಬರೆದು, ಅದುವರೆಗೆ 'ಪಾಪ್ಯುಲರ್ ಆ್ಯಂಟಿಕ್ವಿಟೀಸ್' ಎಂಬ ಲ್ಯಾಟಿನ್ ಮೂಲದ ಹೆಸರಿನಿಂದ ಕರೆಯಲಾಗುತ್ತಿದ್ದ ವಿಷಯಕ್ಕೆ ಸ್ಯಾಕ್ಸನ್ ಸಮಾಸವೊಂದನ್ನು ಸೂಚಿಸಿದನು. ಆ ಪದವೇ 'ಫೋಕ್‌ಲೋರ್'. ಅದು ಜಗತ್ತಿನ ಹಲವಾರು ಭಾಷೆಗಳನ್ನು ಹೊಕ್ಕಿತು. ಕನ್ನಡವಾದರೋ ಅದೇ ವಿಷಯಕ್ಕೆ ಸಂಸ್ಕೃತದಿಂದ 'ಜಾನಪದ'ವನ್ನು ತಂದುಕೊಂಡಿದೆ. ಅದನ್ನು ಮಸಿಗೊಂಬಿನ ಪದವೆಂದು ಇಂದು ಯಾರೂ ಭಾವಿಸುವುದಿಲ್ಲ.